ಶಾಂತ ತೀರ ಬೇಕೇ, ಕಡಲಜೀವಿಗಳು ಬೇಕೇ: ನೇತ್ರಾಣಿ, ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಬಗೆ

ಗದ್ದಲವಿಲ್ಲದ ಮರಳ ತೀರ, ತಿಳಿನೀರು, ಆ ನೀರಿನಲ್ಲಿ ಆಮೆಯನ್ನೋ ಬಣ್ಣದ ಮೀನುಗಳನ್ನೋ ಕಣ್ಣಾರೆ ಕಾಣುವ ಅವಕಾಶ, ಈ ಮೂರನ್ನೂ ಒಂದೇ ಪ್ರವಾಸದಲ್ಲಿ ಬಯಸುವ ಕರ್ನಾಟಕದವರು ಸಾಮಾನ್ಯವಾಗಿ ನಾಲ್ಕು ಹೆಸರುಗಳ ನಡುವೆ ತೂಗಾಡುತ್ತಾರೆ. ಮುರುಡೇಶ್ವರದಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಮರಳಬಹುದಾದ ನೇತ್ರಾಣಿ, ಬೆಂಗಳೂರಿನಿಂದ ನೇರ ವಿಮಾನವಿರುವ ಅಂಡಮಾನ್, ಪರವಾನಗಿ ಇಲ್ಲದೆ ಕಾಲಿಡಲಾಗದ ಲಕ್ಷದ್ವೀಪ, ಪಾಸ್‌ಪೋರ್ಟ್ ಬೇಡುವ ಮಾಲ್ಡೀವ್ಸ್. ನಾಲ್ಕರ ಚಿತ್ರಗಳೂ ಒಂದೇ ಬಗೆಯ ನೀಲಿಯಲ್ಲಿ ಹೊಳೆಯುವುದರಿಂದ ಆಯ್ಕೆಯು ಕೊನೆಗೆ ದರಪಟ್ಟಿಯ ಮೇಲೆ ಬಂದು ನಿಲ್ಲುತ್ತದೆ. ವಾಸ್ತವವಾಗಿ ಈ ನಾಲ್ಕೂ ಕಡಲುಗಳು ಒಳಗೆ ಒಂದನ್ನೊಂದು ಹೋಲುವುದಿಲ್ಲ. ಇವುಗಳಲ್ಲಿ ಒಂದಕ್ಕಂತೂ ನಡೆದಾಡಲು ಮರಳ ತೀರವೇ ಇಲ್ಲ. ಆದ್ದರಿಂದ ದರ ವಿಚಾರಿಸುವ ಮೊದಲು ಬೇರೆ ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಒಳ್ಳೆಯದು.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲಿನ ಪ್ರಶ್ನೆ ಹವಳ ತೀರದಿಂದ ಎಷ್ಟು ದೂರದಲ್ಲಿದೆ ಎಂಬುದು. ಬಣ್ಣದ ಮೀನುಗಳು, ಆಮೆಗಳು, ತೊರಕೆ ಎಂಬ ಚಪ್ಪಟೆ ಮೀನುಗಳು ಬರಿಯ ಮರಳಿನ ಮೇಲೆ ಅಲೆಯುವುದು ಕಡಿಮೆ. ಅವುಗಳ ಊರು ಹವಳ, ಬಂಡೆ ಅಥವಾ ಕಡಲಹುಲ್ಲು. ಆದರೆ ನಮ್ಮ ಕಣ್ಣಿಗೆ ಸುಂದರವೆನಿಸುವ ತೀರವೆಂದರೆ ಕಾಲಿಗೆ ಕಲ್ಲು ತಾಕದ, ಹವಳವಿಲ್ಲದ ಶುದ್ಧ ಮರಳಿನ ತೀರ. ಅಂಡಮಾನಿನ ರಾಧಾನಗರ ಇದಕ್ಕೆ ಒಳ್ಳೆಯ ಉದಾಹರಣೆ: ಅಷ್ಟು ಚೆಲುವಾದ ಕಡಲತೀರ ಭಾರತದಲ್ಲಿ ಮತ್ತೊಂದು ಸಿಗುವುದು ಕಷ್ಟ, ಆದರೆ ಅಲ್ಲಿ ನೀರಿನೊಳಗೆ ನೋಡಲು ಗಾಜಿನ ಮುಖವಾಡ ಹಾಕಿಕೊಂಡು ನೀರಿಗಿಳಿದವನಿಗೆ ಕಾಣುವುದು ಅಲೆ ಎಬ್ಬಿಸಿದ ಮರಳು ಮಾತ್ರ. ತೀರವೂ ಹವಳವೂ ಒಂದೆಡೆ ಸಿಗುವ ಜಾಗಗಳು ಕಡಿಮೆ. ಸಿಕ್ಕಲ್ಲಿ ಜನರೂ ಬಂದು ಸೇರುತ್ತಾರೆ. ಹೀಗಾಗಿ ಶಾಂತಿ ಮತ್ತು ಕಡಲಜೀವಿ ಎರಡರಲ್ಲಿ ಯಾವುದು ಮೊದಲು ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡವರು ನಿರಾಶರಾಗುವುದು ಕಡಿಮೆ.

ಎರಡನೆಯದು, ನಿಮಗೂ ನಿಮ್ಮ ಜೊತೆಯವರಿಗೂ ನೀರಿನ ಪರಿಚಯ ಎಷ್ಟಿದೆ ಎಂಬುದು. ನಮ್ಮಲ್ಲಿ ಬಹುಪಾಲು ಮಂದಿಗೆ ಈಜು ಬಾರದು. ಅದರಲ್ಲಿ ನಾಚಿಕೆಯೇನೂ ಇಲ್ಲ, ಆದರೆ ಅದನ್ನು ಮುಚ್ಚಿಟ್ಟು ಯೋಜನೆ ಹಾಕಬಾರದು. ಈಜು ಬಾರದವರು ಸೊಂಟಮಟ್ಟದ ನಿಂತ ನೀರಿನಲ್ಲಿ ಲೈಫ್ ಜಾಕೆಟ್ ತೊಟ್ಟು, ಮುಖವನ್ನಷ್ಟೇ ಮುಳುಗಿಸಿ ಬಹಳಷ್ಟನ್ನು ನೋಡಬಹುದು. ಅದೇ ಮನುಷ್ಯ ಆಳವಾದ ತೆರೆದ ಕಡಲಿನಲ್ಲಿ, ದೋಣಿಯಂಚಿನಿಂದ ಹಾರಿ ಸ್ನಾರ್ಕೆಲ್ ಮಾಡಬೇಕೆಂದರೆ, ಅಂದರೆ ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿ ಮೇಲ್ಮೈಯಲ್ಲಿ ತೇಲುತ್ತ ಕೆಳಗೆ ನೋಡಬೇಕೆಂದರೆ, ಗಾಬರಿಯಾಗುವುದು ಸಹಜ. ಸ್ಕೂಬಾದ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಮುಳುಗುವುದರ, ವಿಷಯ ಸ್ವಲ್ಪ ಬೇರೆ: ಮೊದಲ ಬಾರಿಯ ಪರಿಚಯ ಮುಳುಗಿಗೆ ಈಜು ಬರಲೇಬೇಕೆಂದಿಲ್ಲ, ತರಬೇತುದಾರರು ಹಿಡಿದುಕೊಂಡೇ ಇರುತ್ತಾರೆ ಮತ್ತು 12 ಮೀಟರಿಗಿಂತ ಆಳಕ್ಕೆ ಒಯ್ಯುವುದಿಲ್ಲ. ಆದರೆ 10 ವರ್ಷಕ್ಕಿಂತ ಚಿಕ್ಕ ಮಕ್ಕಳು ಮತ್ತು ಗರ್ಭಿಣಿಯರು ಮುಳುಗುವಂತಿಲ್ಲ. ಉಬ್ಬಸ ಅಥವಾ ಹೃದ್ರೋಗ ಇರುವವರು, ಕಿವಿಯ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಇಳಿಯಬಾರದು.

ಮೂರನೆಯದು ರಜೆ. ಬೇಸಿಗೆಯ ಶಾಲಾ ರಜೆ, ದಸರಾ ರಜೆ, ಡಿಸೆಂಬರಿನ ಕೊನೆಯ ವಾರ ಎಂಬ ಮೂರು ಅವಧಿಗಳಲ್ಲೇ ಬಹುತೇಕ ಕುಟುಂಬಗಳು ಹೊರಡಬೇಕಾಗುತ್ತದೆ. ನಾಲ್ಕೂ ಜಾಗಗಳಲ್ಲಿ ಮಳೆಗಾಲ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಅದು ಮುಂದೆ ಗೊತ್ತಾಗುತ್ತದೆ. ಕಾಗದಪತ್ರ, ದೋಣಿಯ ಹೊಯ್ದಾಟ, ಊಟ, ಹಣ ಇವೆಲ್ಲ ಇದರ ನಂತರದವು. ಹಣವನ್ನು ಕೊನೆಗಿಡಲು ಕಾರಣವಿದೆ: ಈ ಪ್ರವಾಸಗಳಲ್ಲಿ ಖರ್ಚು ಏರುವುದು ಹೋಟೆಲಿನಿಂದಲ್ಲ, ಹೆಚ್ಚಾಗಿ ದೋಣಿಯಿಂದ. ಉಳಿದುಕೊಂಡ ಜಾಗದ ಮುಂದೆಯೇ ಹವಳವಿದ್ದರೆ ಮುಖವಾಡವೊಂದರ ಖರ್ಚಿನಲ್ಲಿ ದಿನವಿಡೀ ನೋಡಬಹುದು. ಇಲ್ಲದಿದ್ದರೆ ಪ್ರತಿ ನೋಟಕ್ಕೂ ದೋಣಿಯ ಬಾಡಿಗೆ ತೆರಬೇಕು.

ನೇತ್ರಾಣಿ: ತೀರವಿಲ್ಲದ ದ್ವೀಪ

ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಕಡಲಿನಲ್ಲಿರುವ ನೇತ್ರಾಣಿಯನ್ನು ಪಾರಿವಾಳ ದ್ವೀಪವೆಂದೂ ಕರೆಯುತ್ತಾರೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ, ಹತ್ತಿರ ಹೋದರೆ ನೀರಿನಿಂದ ನೇರವಾಗಿ ಎದ್ದ ಕಡಿದಾದ ಬಂಡೆ. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಪ್ರವಾಸಿಗರನ್ನು ದ್ವೀಪಕ್ಕೆ ಹತ್ತಿಸುವುದಿಲ್ಲ. ದೋಣಿ ಬಂಡೆಯ ಮರೆಯಲ್ಲಿ ಲಂಗರು ಹಾಕುತ್ತದೆ, ಇಳಿಯುವುದೇನಿದ್ದರೂ ನೀರಿಗೇ.

ಮರಳ ತೀರ ಬಯಸಿ ಬಂದವರಿಗೆ ಇದು ಹೊಂದುವುದಿಲ್ಲ ಎಂಬುದು ಇಷ್ಟರಲ್ಲೇ ತಿಳಿಯಿತು. ಆದರೆ ಕಡಲೊಳಗೆ ಏನಿದೆ ಎಂದು ಒಮ್ಮೆ ನೋಡಬೇಕು, ಅದಕ್ಕಾಗಿ ವಾರವಿಡೀ ರಜೆ ಹಾಕಲಾಗದು ಎನ್ನುವವರಿಗೆ ಇದಕ್ಕಿಂತ ಸುಲಭದ ದಾರಿ ಕರ್ನಾಟಕದಲ್ಲಿಲ್ಲ. ರೈಲಿನಲ್ಲಿ ಹೋಗಿ, ಒಂದು ರಾತ್ರಿ ಮುರುಡೇಶ್ವರದಲ್ಲಿ ಉಳಿದು, ಬೆಳಗಿನ ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಸಾಗಿದರೆ ಆಯಿತು. ಗಿಳಿಮೀನು, ಟ್ರಿಗರ್‌ಫಿಶ್, ಬರಾಕುಡಾ, ಬಂಡೆಯ ಸಂದಿಯಿಂದ ತಲೆ ಹೊರಚಾಚಿ ಬಾಯಿ ತೆರೆದು ಮುಚ್ಚುವ ಮೊರೇ ಈಲ್ ಇಲ್ಲಿ ಸಾಮಾನ್ಯ. ಆಮೆ ಮತ್ತು ತೊರಕೆ ಅದೃಷ್ಟವಿದ್ದರೆ. ಮೊರೇ ಈಲ್ ಬಾಯಿ ತೆರೆಯುವುದು ಕಚ್ಚಲು ಅಲ್ಲ, ಕಿವಿರುಗಳಿಗೆ ನೀರು ಹಾಯಿಸಲು ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ.

ಇಲ್ಲಿನ ಕೊರತೆ ಎರಡು. ಮೊದಲನೆಯದು ನೀರಿನ ತಿಳಿ: ಪಶ್ಚಿಮ ಕರಾವಳಿಯ ನದಿಗಳು ಮಳೆಗಾಲದಲ್ಲಿ ಸುರಿದ ಮಣ್ಣು ಅಕ್ಟೋಬರಿನಲ್ಲಿ ಇನ್ನೂ ಪೂರ್ತಿ ಇಳಿದಿರುವುದಿಲ್ಲ, ಆದ್ದರಿಂದ ದಸರಾ ರಜೆಗಿಂತ ಡಿಸೆಂಬರ್, ಜನವರಿಗಳು ಉತ್ತಮ. ಮೇ ಕೊನೆಯ ಹೊತ್ತಿಗೆ ಕಡಲು ಏಳುತ್ತದೆ, ದೋಣಿ ನಿಲ್ಲುತ್ತದೆ. ಎರಡನೆಯದು ಹೊಯ್ದಾಟ: ನಿಂತ ದೋಣಿ ಸಾಗುವ ದೋಣಿಗಿಂತ ಹೆಚ್ಚು ಓಲಾಡುತ್ತದೆ, ಸರದಿಗಾಗಿ ಕಾಯುವಾಗ ವಾಂತಿಯಾಗುವುದು ಅಲ್ಲಿಯೇ. ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ವಾಕರಿಕೆ ಶುರುವಾದ ಮೇಲೆ ಪ್ರಯೋಜನವಿಲ್ಲ. ಸ್ಕೂಬಾ ಮಾಡದೆ ಸ್ನಾರ್ಕೆಲ್ ಮಾತ್ರ ಮಾಡುತ್ತೇವೆ ಎನ್ನುವವರು ಹೋಗದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನೋಡತಕ್ಕದ್ದೆಲ್ಲ ಕೆಳಗಿದೆ.

ತೀರವೂ ಬೇಕೆಂದರೆ ನೇತ್ರಾಣಿಯ ಜೊತೆ ಹೊನ್ನಾವರದ ಕಾಸರಕೋಡನ್ನೋ ಕಾರವಾರದ ದೇವಬಾಗವನ್ನೋ ಸೇರಿಸಿಕೊಳ್ಳಬಹುದು. ಕಾರವಾರದಲ್ಲಿ ಕಾಳಿ ನದಿಯ ಅಳಿವೆಯ ಸುತ್ತ ಡಾಲ್ಫಿನ್‌ಗಳು ಕಾಣುತ್ತವೆ. ಕಾಸರಕೋಡಿನ ಟೊಂಕದ ಮರಳಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕಾದದ್ದು ಅಲ್ಲಿನ ಕಲ್ಲಿನ ಕಂಬಗಳಿಗಾಗಿ, ಮೀನುಗಳಿಗಾಗಿ ಅಲ್ಲ.

ಅಂಡಮಾನ್: ಎಲ್ಲರಿಗೂ ಸ್ವಲ್ಪ ಸ್ವಲ್ಪ

ಅಂಡಮಾನಿನ ದ್ವೀಪಗಳು ಮುಳುಗಿದ ಪರ್ವತಶ್ರೇಣಿಯೊಂದರ ತಲೆಗಳು. ದಟ್ಟ ಕಾಡು ನೀರಿನಂಚಿಗೇ ಇಳಿದಿರುತ್ತದೆ, ಹವಳವು ದಡಕ್ಕೆ ಅಂಟಿಕೊಂಡು ಅಂಚುಗಟ್ಟಿದಂತೆ ಬೆಳೆದಿರುತ್ತದೆ. ಇದರಿಂದ ಪ್ರವಾಸಿಗೆ ಒಂದು ಲಾಭ, ಒಂದು ನಷ್ಟ. ದಡದಿಂದಲೇ ಹವಳವನ್ನು ಮುಟ್ಟುವಷ್ಟು ಸಮೀಪ ಹೋಗಬಹುದೆಂಬುದು ಲಾಭ. ಉಬ್ಬರವಿಳಿತದ ಅಂತರ ಸುಮಾರು ಎರಡು ಮೀಟರಿನವರೆಗೆ ಇರುವುದರಿಂದ ದಿನದ ಕೆಲವು ಗಂಟೆ ನೀರೇ ಇರುವುದಿಲ್ಲವೆಂಬುದು ನಷ್ಟ.

ನೀಲ್ ದ್ವೀಪದಲ್ಲಿ, ಅಂದರೆ 2018ರ ಕೊನೆಯಿಂದ ಶಹೀದ್ ದ್ವೀಪವೆಂದು ಕರೆಯಲಾಗುವ ಊರಿನಲ್ಲಿ, ಈ ನಷ್ಟವೇ ಲಾಭವಾಗುತ್ತದೆ. ಅಲ್ಲಿನ ಲಕ್ಷ್ಮಣಪುರದ ಎರಡನೆಯ ತೀರದಲ್ಲಿ ಕಲ್ಲಿನ ಸಹಜ ಕಮಾನೊಂದಿದೆ. ನೀರು ಇಳಿದಾಗ ಅದರ ಮುಂದಿನ ಬಂಡೆಹಾಸು ಬಯಲಾಗಿ, ಕುಳಿಗಳಲ್ಲಿ ನೀರು ಉಳಿಯುತ್ತದೆ. ಆ ಕುಳಿಯೊಂದರ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಐದು ನಿಮಿಷ ಅಲುಗಾಡದೆ ನೋಡಿದರೆ, ಕಲ್ಲೆಂದು ತಿಳಿದಿದ್ದದ್ದು ಕಡಲಸೌತೆಯಾಗುತ್ತದೆ, ಖಾಲಿ ಶಂಖವೊಂದು ಎದ್ದು ನಡೆಯತೊಡಗುತ್ತದೆ, ಹವಳದಲ್ಲಿ ಹುದುಗಿದ ದೊಡ್ಡ ಕಪ್ಪೆಚಿಪ್ಪಿನ ನೀಲಿ ತುಟಿಗಳು ನಿಮ್ಮ ನೆರಳು ಬಿದ್ದೊಡನೆ ಒಳಕ್ಕೆ ಸರಿದುಕೊಳ್ಳುತ್ತವೆ. ಈಜು ಬಾರದ ಅಜ್ಜಿಯೂ ಆರು ವರ್ಷದ ಮೊಮ್ಮಗನೂ ಒಟ್ಟಿಗೆ ಕಡಲಜೀವಿಗಳನ್ನು ನೋಡಬಹುದಾದ ಇಂಥ ಜಾಗ ಉಳಿದ ಮೂರರಲ್ಲಿ ನನಗೆ ಕಂಡಿಲ್ಲ. ಗಟ್ಟಿ ಅಟ್ಟೆಯ ಚಪ್ಪಲಿ ಬೇಕು, ಇಳಿತದ ಸಮಯ ಮೊದಲೇ ತಿಳಿದಿರಬೇಕು, ಜೀವಂತ ಹವಳದ ಮೇಲೆ ಕಾಲಿಡಬಾರದು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಇಳಿಯುವುದರಿಂದ ಕ್ಯಾಲೆಂಡರಿನ ತಿಥಿ ನೋಡಿ ಟಿಕೆಟ್ ತೆಗೆಯುವುದು ಇಲ್ಲಿ ಮೂಢನಂಬಿಕೆಯಲ್ಲ.

ಹ್ಯಾವ್ಲಾಕ್, ಅಂದರೆ ಸ್ವರಾಜ್ ದ್ವೀಪದ ಸ್ಥಿತಿ ಬೇರೆ. ಎಲಿಫೆಂಟ್ ಬೀಚಿನಲ್ಲಿ ಹವಳ ದಡದ ಹತ್ತಿರವೇ ಇದೆ, ಸ್ನಾರ್ಕೆಲ್ ಮಾಡುವವರಿಗೆ ಅನುಕೂಲ. ಆ ಕಾರಣಕ್ಕೇ ಬೆಳಗಿನ ಒಂಬತ್ತರ ನಂತರ ಜೆಟ್‌ಸ್ಕೀಗಳ ಸದ್ದು ಮತ್ತು ಪ್ರವಾಸಿಗಳ ಸಾಲು. ಶಾಂತಿ ಬೇಕೆಂದರೆ ಕಾಲಾಪತ್ಥರ್ ತೀರಕ್ಕೆ ಸೂರ್ಯೋದಯದಲ್ಲಿ ಹೋಗಬೇಕು, ಮತ್ತು ಅಂಡಮಾನಿನಲ್ಲಿ ಸೂರ್ಯೋದಯವೆಂದರೆ ಐದು ಗಂಟೆಯ ಆಸುಪಾಸು ಎಂಬುದನ್ನು ಮರೆಯಬಾರದು. ಸಂಜೆ ಆರರ ಹೊತ್ತಿಗೆಲ್ಲ ಕತ್ತಲೆ. ಸ್ಕೂಬಾ ಕಲಿಯುವವರಿಗೆ, ಅಂದರೆ ಒಮ್ಮೆ ಮುಳುಗಿ ಬರುವುದಲ್ಲದೆ ಮೂರು ನಾಲ್ಕು ದಿನ ಕುಳಿತು ಪ್ರಮಾಣಪತ್ರ ಪಡೆಯುವವರಿಗೆ, ಭಾರತದಲ್ಲಿ ಹ್ಯಾವ್ಲಾಕೇ ಮೊದಲ ಆಯ್ಕೆ. ಇಲ್ಲಿ ಡೈವ್ ಶಾಲೆಗಳು ಹಲವು ಇವೆ, ಅನುಭವಿ ತರಬೇತುದಾರರಿದ್ದಾರೆ, ಆರಂಭಿಕರಿಗೂ ಪಳಗಿದವರಿಗೂ ತಕ್ಕ ತಾಣಗಳಿವೆ.

ಪೋರ್ಟ್ ಬ್ಲೇರ್, ಈಗಿನ ಶ್ರೀ ವಿಜಯಪುರಂನಿಂದಲೇ ಹೋಗಿಬರಬಹುದಾದದ್ದು ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ. 1983ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ಜಾಲಿ ಬಾಯ್ ದ್ವೀಪಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು, ವರ್ಷದ ಒಂದು ಭಾಗ ಮಾತ್ರ ತೆರೆದಿರುತ್ತದೆ, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಗಾಜಿನ ತಳದ ದೋಣಿಗಳಿರುವುದರಿಂದ ನೀರಿಗೇ ಇಳಿಯಲಾಗದವರಿಗೂ ಹವಳ ಕಾಣುತ್ತದೆ. ಇಷ್ಟು ಕಟ್ಟುನಿಟ್ಟು ಇರುವುದರಿಂದಲೇ ಆ ತೀರ ಇನ್ನೂ ಚೊಕ್ಕಟವಾಗಿದೆ.

ನಿಜವಾದ ಏಕಾಂತ ಬೇಕೆನ್ನುವವರು ಉತ್ತರಕ್ಕೆ ಹೋಗಬೇಕು. ದಿಗ್ಲಿಪುರದ ಬಳಿ ಮರಳಿನ ಸೇತುವೆಯೊಂದರಿಂದ ಕೂಡಿಕೊಂಡ ರಾಸ್ ಮತ್ತು ಸ್ಮಿತ್ ಎಂಬ ಜೋಡಿ ದ್ವೀಪಗಳಿವೆ. ಹತ್ತಿರದ ಕಾಲಿಪುರ ತೀರಕ್ಕೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ರಂಗತ್ ಕಡೆಯಿಂದ ಹೋಗುವ ಲಾಂಗ್ ಐಲೆಂಡ್ ಇನ್ನೊಂದು ಸದ್ದಿಲ್ಲದ ಊರು. ಆದರೆ ರಸ್ತೆಯಲ್ಲಿ ಹೋದರೆ ದಿನವೊಂದು ಪೂರ್ತಿ ಹೋಗುತ್ತದೆ, ಆ ರಸ್ತೆ ಜಾರವಾ ಜನರ ಮೀಸಲು ಪ್ರದೇಶವನ್ನು ಸೀಳಿಕೊಂಡು ಸಾಗುತ್ತದೆ, ವಾಹನಗಳನ್ನು ಗುಂಪುಗುಂಪಾಗಿ ಬಿಡುತ್ತಾರೆ, ಅಲ್ಲಿ ನಿಲ್ಲುವುದೂ ಚಿತ್ರ ತೆಗೆಯುವುದೂ ಅಪರಾಧ. ಅವಸರವಿಲ್ಲದವರು ಕಡಲಮಾರ್ಗವನ್ನೇ ವಿಚಾರಿಸುವುದು ಸೌಜನ್ಯವೂ ಹೌದು.

ಡುಗಾಂಗ್ ಎಂಬ ಕಡಲಹಸು ಅಂಡಮಾನಿನ ರಾಜ್ಯಪ್ರಾಣಿ ಎಂದು ಓದಿ ಅದನ್ನು ನೋಡುವ ಆಸೆಯಿಂದ ಬರುವವರಿದ್ದಾರೆ. ಅದು ಬಹಳ ಅಪರೂಪ, ಪ್ರವಾಸವನ್ನು ಅದರ ಮೇಲೆ ಕಟ್ಟಬಾರದು. ಉಪ್ಪುನೀರಿನ ಮೊಸಳೆಗಳು ಮಾತ್ರ ನಿಜವಾಗಿಯೂ ಇವೆ. ಕಾಂಡ್ಲಾಕಾಡಿನ (ಮ್ಯಾಂಗ್ರೋವ್) ತೊರೆಗಳು ಕಡಲು ಸೇರುವೆಡೆ ಈಜಬಾರದು, ಎಚ್ಚರಿಕೆಯ ಫಲಕಗಳನ್ನು ಅಲಂಕಾರವೆಂದು ತಿಳಿಯಬಾರದು. ಸಂಜೆಯ ಹೊತ್ತು ಕಚ್ಚುವ ಮರಳುನೊಣಗಳಿಗೆ ತೆಳುವಾಗಿ ಹಚ್ಚಿದ ತೆಂಗಿನೆಣ್ಣೆ ಸಾಕಷ್ಟು ಉಪಾಯ.

ಕಾಲದ ಮಾತಿಗೆ ಬಂದರೆ ಫೆಬ್ರವರಿಯಿಂದ ಏಪ್ರಿಲ್ ಶ್ರೇಷ್ಠ. ಕಡಲು ಶಾಂತ, ನೀರು ತಿಳಿ. ಬೇಸಿಗೆ ರಜೆಯ ಮೊದಲರ್ಧದಲ್ಲಿ ಹೊರಡುವ ಕುಟುಂಬಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಮೇ ಮಧ್ಯ ದಾಟಿದರೆ ಮಳೆ ಬಂದಂತೆಯೇ, ಫೆರಿಗಳು ರದ್ದಾಗುವ ಸಂಭವ ಹೆಚ್ಚು. ಊಟಕ್ಕೆ ತೊಂದರೆಯಿಲ್ಲ, ಸಸ್ಯಾಹಾರಿಗಳಿಗೂ ಸುಲಭ. ಭಾರತೀಯರಿಗೆ ಈ ಪ್ರವಾಸಿ ದ್ವೀಪಗಳಿಗೆ ಪರವಾನಗಿ ಬೇಕಿಲ್ಲ.

ಲಕ್ಷದ್ವೀಪ: ಕಾಗದ ದಾಟಿದವರಿಗೆ ಲಗೂನ್

ಲಕ್ಷದ್ವೀಪ ಹವಳವೇ ಕಟ್ಟಿದ ನಾಡು. ಎಲ್ಲ 36 ದ್ವೀಪಗಳನ್ನೂ ಕೂಡಿಸಿದರೆ 32 ಚ.ಕಿ.ಮೀ. ಮಾತ್ರ. ಬೆಟ್ಟವಿಲ್ಲ, ನದಿಯಿಲ್ಲ, ಆದ್ದರಿಂದ ಕಡಲಿಗೆ ಮಣ್ಣು ಬಂದು ಸೇರುವುದಿಲ್ಲ. ನೀರಿನ ಆ ತಿಳಿಯ ಗುಟ್ಟು ಇದೇ. ದ್ವೀಪದ ಒಂದು ಮಗ್ಗುಲಿಗೆ ಹವಳದ ದಂಡೆ ಅಲೆಗಳನ್ನು ತಡೆದು ನಿಲ್ಲಿಸುತ್ತದೆ, ಒಳಗೆ ಲಗೂನ್ ಎಂಬ ನಿಂತ ನೀರಿನ ವಿಶಾಲ ಕೊಳ. ಈಜು ಬಾರದವರು ಲೈಫ್ ಜಾಕೆಟ್ ತೊಟ್ಟು ಹೆದರಿಕೆಯಿಲ್ಲದೆ ತೇಲಲು ಭಾರತದಲ್ಲಿ ಇದಕ್ಕಿಂತ ಒಳ್ಳೆಯ ನೀರಿಲ್ಲ. ಶಾಂತ ತೀರ ಮತ್ತು ಕಡಲಜೀವಿ ಒಂದೇ ಕಡೆ ಸಿಗುವ ಅಪರೂಪದ ಜಾಗ ಇದೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಅದರ ಬೆಲೆಯನ್ನು ಹಣಕ್ಕಿಂತ ಹೆಚ್ಚಾಗಿ ತಾಳ್ಮೆಯಲ್ಲಿ ತೆರಬೇಕು.

ಭಾರತೀಯರಿಗೂ ಪ್ರವೇಶ ಪರವಾನಗಿ ಕಡ್ಡಾಯ, ಅದು ಯಾವ ದ್ವೀಪಕ್ಕೆ ಎಂಬುದೂ ಅದರಲ್ಲೇ ನಮೂದಾಗಿರುತ್ತದೆ. ವಿದೇಶಿ ಪಾಸ್‌ಪೋರ್ಟ್ ಹೊಂದಿದ ಬಂಧುಗಳು ಜೊತೆಗಿದ್ದರೆ ಅವರಿಗೆ ತೆರೆದಿರುವ ದ್ವೀಪಗಳು ಕೆಲವೇ. ಅಮೆರಿಕದಿಂದ ಬಂದ ಮಗಳ ಸಂಸಾರದೊಡನೆ ಒಟ್ಟಿಗೆ ಹೋಗುವ ಯೋಜನೆಯಿದ್ದರೆ ಇದನ್ನು ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಬೇಕು. ವಿಮಾನ ಇಳಿಯುವುದು ಅಗತ್ತಿಯೊಂದರಲ್ಲಿ. ಕೊಚ್ಚಿಯಿಂದ ಬಹಳ ಕಾಲದಿಂದ ಸೇವೆಯಿದೆ, ಬೆಂಗಳೂರಿನಿಂದ ನೇರ ವಿಮಾನ 2024ರಲ್ಲಿ ಆರಂಭವಾಯಿತು. ಚಿಕ್ಕ ವಿಮಾನ, ಕಡಿಮೆ ಸೀಟು, ವೇಳಾಪಟ್ಟಿ ಬದಲಾಗುತ್ತಿರುತ್ತದೆ. ಕೊಚ್ಚಿಯಿಂದ ಹಡಗಿನಲ್ಲಿ ಹೋಗುವವರು 14 ರಿಂದ 20 ಗಂಟೆ ಎಣಿಸಿಕೊಳ್ಳಬೇಕು. ಹಡಗು ಕೆಲವೆಡೆ ಲಗೂನಿನ ಹೊರಗೇ ನಿಂತು, ಪ್ರಯಾಣಿಕರನ್ನು ಚಿಕ್ಕ ದೋಣಿಗೆ ಇಳಿಸುತ್ತಾರೆ. ಮಂಡಿನೋವಿನ ಹಿರಿಯರಿಗೆ ಇದು ಸಣ್ಣ ಮಾತಲ್ಲ. ಹಡಗಿನಲ್ಲೇ ಮಲಗಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳನ್ನು ನೋಡಿಬರುವ ಸರ್ಕಾರಿ ಪ್ಯಾಕೇಜ್ ಖರ್ಚಿನಲ್ಲಿ ಹಿತಮಿತ, ಆದರೆ ತೀರದ ಮೇಲೆ ಸಂಜೆ ಕಳೆಯುವ ಸುಖ ಅದರಲ್ಲಿಲ್ಲ. ಏಕಾಂತಕ್ಕೆ ಕಡಮತ್, ಅಗತ್ತಿ ಅಥವಾ ಬಂಗಾರಂ ಆರಿಸಿ ಅಲ್ಲೇ ಉಳಿಯುವುದು ಮೇಲು. ಮದ್ಯ ಬಂಗಾರಂ ಬಿಟ್ಟು ಬೇರೆಲ್ಲೂ ಇಲ್ಲ.

ಇಲ್ಲಿ ನೋಡಲು ಹೋಗಬೇಕಾದ ಪ್ರಾಣಿ ಹಸಿರು ಕಡಲಾಮೆ. ಲಗೂನಿನ ಕಡಲಹುಲ್ಲನ್ನು ಮೇಯುತ್ತ, ಆಗಾಗ ಉಸಿರಿಗಾಗಿ ಮೇಲೆ ಬಂದು, ಫುಸ್ಸೆಂದು ಗಾಳಿ ಬಿಟ್ಟು ಮತ್ತೆ ಮುಳುಗುತ್ತದೆ. ಜೆಟ್ಟಿಯ ಮೇಲೆ ಸುಮ್ಮನೆ ನಿಂತರೂ ಕಾಣಸಿಗುತ್ತದೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ದಶಕಗಳಿಂದ ಈ ದ್ವೀಪಗಳ ಕಡಲನ್ನು ಅಧ್ಯಯನ ಮಾಡುತ್ತಿದ್ದಾರೆ. ಅಗತ್ತಿಯ ಲಗೂನಿನಲ್ಲಿ ಆಮೆಗಳು ಹುಲ್ಲನ್ನು ಮೇದು ಬರಿದು ಮಾಡಿ ಬೇರೆ ಲಗೂನುಗಳಿಗೆ ಸರಿದದ್ದನ್ನು ಅವರು ದಾಖಲಿಸಿದ್ದಾರೆ. ಅಂದರೆ ಹಳೆಯ ಪ್ರವಾಸಕಥನ ಓದಿ ಆಮೆಗಳ ಊರನ್ನು ನಿರ್ಧರಿಸಬಾರದು. ಈ ವರ್ಷ ಯಾವ ದ್ವೀಪದಲ್ಲಿ ಹೆಚ್ಚಿವೆ ಎಂದು ಅಲ್ಲಿನ ದೋಣಿಯವರನ್ನೇ ಕೇಳಬೇಕು. ಹವಳದ ವಿಷಯದಲ್ಲೂ ನಿರೀಕ್ಷೆ ಹದವಾಗಿರಲಿ. 1998, 2010, 2016 ಮತ್ತು 2024ರಲ್ಲಿ ಕಡಲು ಬಿಸಿಯಾಗಿ ಇಲ್ಲಿನ ಹವಳ ಬಿಳಿಚಿಕೊಂಡಿತು. ಕೆಲವೆಡೆ ಕಾಣುವುದು ಬೂದುಬಣ್ಣದ ಹವಳದ ಚೂರುಗಳು. ಅವುಗಳ ಸುತ್ತ ಮೀನುಗಳು ಮಾತ್ರ ಇನ್ನೂ ಸಮೃದ್ಧ.

ನಮಗೆ ಈ ದ್ವೀಪಗಳು ಅಷ್ಟೇನೂ ಹೊರಗಿನವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಮಂಗಳೂರಿನ ಹಳೆಯ ಬಂದರಿನಿಂದ ದಿನಸಿ, ಕಟ್ಟಡ ಸಾಮಗ್ರಿ ಇಂದಿಗೂ ಅಲ್ಲಿಗೆ ಹೋಗುತ್ತದೆ. ಸಸ್ಯಾಹಾರಿಗಳು ಹೋಮ್‌ಸ್ಟೇಯವರಿಗೆ ಮುಂಚಿತವಾಗಿ ತಿಳಿಸುವುದು ಅಗತ್ಯ, ಏಕೆಂದರೆ ತರಕಾರಿಯೆಲ್ಲ ಹಡಗಿನಲ್ಲೇ ಬರಬೇಕು. ಅಕ್ಟೋಬರಿನಿಂದ ಮೇ ಮಧ್ಯದವರೆಗೆ ಹೋಗಬಹುದು. ಮಳೆಗಾಲದಲ್ಲಿ ಯೋಚನೆಯೇ ಬೇಡ.

ಮಾಲ್ಡೀವ್ಸ್: ದೊಡ್ಡ ಪ್ರಾಣಿಗಳ ಕಡಲು

ಮಾಲ್ಡೀವ್ಸ್ ಎಂದರೆ ನೀರಿನ ಮೇಲಿನ ಕುಟೀರ, ಲಕ್ಷಗಟ್ಟಲೆ ಖರ್ಚು ಎಂಬ ಕಲ್ಪನೆ ರಿಸಾರ್ಟ್‌ಗಳ ಮಟ್ಟಿಗೆ ಸರಿ. ಆದರೆ ಒಂದೂವರೆ ದಶಕದಿಂದ ಅಲ್ಲಿನ ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ಅವಕಾಶವಿದೆ. ಅಲ್ಲಿ ಉಳಿದರೆ ಒಟ್ಟು ವೆಚ್ಚ ಅಂಡಮಾನಿನ ಒಳ್ಳೆಯ ಹೋಟೆಲ್ ಪ್ರವಾಸಕ್ಕಿಂತ ಸ್ವಲ್ಪ ಹೆಚ್ಚಾಗಬಹುದು, ಹಲವು ಪಟ್ಟಂತೂ ಆಗುವುದಿಲ್ಲ. ದರ ಲೆಕ್ಕ ಹಾಕುವಾಗ ಎರಡು ತೆರಿಗೆಗಳನ್ನು ಸೇರಿಸಿಕೊಳ್ಳಬೇಕು: 2025ರ ಜುಲೈಯಿಂದ ಪ್ರವಾಸೋದ್ಯಮ ಸರಕು ಸೇವಾ ತೆರಿಗೆ ಶೇ. 17, ಜೊತೆಗೆ ಸಣ್ಣ ಅತಿಥಿಗೃಹಗಳಲ್ಲಿ ತಲೆಗೆ ದಿನಕ್ಕೆ 6 ಡಾಲರ್, ರಿಸಾರ್ಟ್‌ಗಳಲ್ಲಿ 12 ಡಾಲರ್ ಹಸಿರು ತೆರಿಗೆ. ಭಾರತೀಯರಿಗೆ ಮುಂಚಿತ ವೀಸಾ ಬೇಕಿಲ್ಲ. ಪ್ರಯಾಣಕ್ಕೆ ಮುಂಚಿನ 96 ಗಂಟೆಗಳೊಳಗೆ ಆನ್‌ಲೈನ್ ಘೋಷಣೆ ತುಂಬಬೇಕು. ಅದಕ್ಕೆ ಹಣ ಕೇಳುವ ಜಾಲತಾಣಗಳು ನಕಲಿ.

ಭಾರತದ ಮೂರೂ ಆಯ್ಕೆಗಳಲ್ಲಿ ಭರವಸೆಯಿಡಲಾಗದ ಎರಡು ಪ್ರಾಣಿಗಳು ಇಲ್ಲಿ ಸಾಕಷ್ಟು ಭರವಸೆಯಿಂದ ಸಿಗುತ್ತವೆ. ದಕ್ಷಿಣ ಅರಿ ಎಂಬ ಅಟಾಲಿನ (ಉಂಗುರದಂತೆ ಸಾಲಾಗಿರುವ ಹವಳದ್ವೀಪಗಳ ಗುಂಪಿನ) ಹೊರ ಅಂಚಿನಲ್ಲಿ ವರ್ಷವಿಡೀ ತಿಮಿಂಗಿಲ ಶಾರ್ಕ್‌ಗಳಿವೆ. ಹೆಸರು ಭಯ ಹುಟ್ಟಿಸಿದರೂ ಅದು ಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು, ಸೋಸಿ ತಿನ್ನುವ ಸಾಧು ಮೀನು. ಉಳಿಯಲು ದಿಗುರಾ ದ್ವೀಪ ಯೋಗ್ಯ: ಕಿರಿದಾದ, ಉದ್ದನೆಯ ದ್ವೀಪದ ದಕ್ಷಿಣ ತುದಿಗೆ ನಡೆದು ಹೋದರೆ ಮರಳಿನ ಉದ್ದ ನಾಲಿಗೆಯ ಮೇಲೆ ನೀವೊಬ್ಬರೇ ಇರುವ ಸಾಧ್ಯತೆ ಹೆಚ್ಚು. ಇನ್ನೊಂದು, ಬಾ ಅಟಾಲಿನ ಹನಿಫಾರು ಕೊಲ್ಲಿಯಲ್ಲಿ ಗುಂಪುಗೂಡುವ ಮಾಂಟಾ ತೊರಕೆಗಳು. ಜೂನ್‌ನಿಂದ ನವೆಂಬರ್‌ವರೆಗೆ, ಅದರಲ್ಲೂ ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ, ಪ್ರವಾಹವು ಆ ಚಿಕ್ಕ ಕೊಲ್ಲಿಗೆ ಪ್ಲವಕವನ್ನು ತಂದು ತುಂಬುತ್ತದೆ, ತೊರಕೆಗಳು ಅದನ್ನು ತಿನ್ನಲು ಸಾಲುಗಟ್ಟಿ ಸುತ್ತುತ್ತವೆ. ಅಲ್ಲಿ ಸ್ಕೂಬಾ ನಿಷಿದ್ಧ, ಮಾರ್ಗದರ್ಶಕರೊಡನೆ ಸ್ನಾರ್ಕೆಲ್ ಮಾತ್ರ. ಸಮೀಪದ ಧರವಂದೂ ದ್ವೀಪದಲ್ಲಿ ಉಳಿಯಬಹುದು. ಭಾರತದ ದ್ವೀಪಗಳೆಲ್ಲ ಮಳೆಗೆ ಬಾಗಿಲು ಹಾಕಿಕೊಂಡ ತಿಂಗಳುಗಳಲ್ಲೇ ಇದು ತನ್ನ ಉತ್ತುಂಗದಲ್ಲಿರುತ್ತದೆ ಎಂಬುದನ್ನು ಗಮನಿಸಬೇಕು. ದಸರಾ ರಜೆಯಲ್ಲೇ ಹೋಗಬೇಕಾದವರಿಗೆ ಇದು ಒಳ್ಳೆಯ ಆಯ್ಕೆ, ಆಗಸ್ಟ್, ಸೆಪ್ಟೆಂಬರ್ ಬಿಟ್ಟು ಬೇರೆ ರಜೆ ಸಿಗದವರಿಗಂತೂ ಈ ನಾಲ್ಕರಲ್ಲಿ ಉತ್ತರ ಒಂದೇ. ಮಳೆ, ಗಾಳಿ ಇರುತ್ತದೆ. ಅದು ಒಪ್ಪಂದದ ಭಾಗ.

ಎರಡೂ ತಾಣಗಳಲ್ಲಿ ಆಳವಾದ ನೀರಿಗೆ ದೋಣಿಯಿಂದ ಇಳಿಯಬೇಕು, ಕೆಲವೊಮ್ಮೆ ಪ್ರಾಣಿಯ ಹಿಂದೆ ಚುರುಕಾಗಿ ಈಜಬೇಕು. ಈಜು ಬಾರದವರಿಗೆ ಹಣ ಕೊಟ್ಟು ದೋಣಿಯಲ್ಲಿ ಕುಳಿತು ಬಂದಂತಾದೀತು. ಅಂಥವರು ಕಲ್ಲಂಗಡಿ, ಪಪ್ಪಾಯಿ ಬೆಳೆಯುವ ತೊಡ್ಡೂ ದ್ವೀಪದಂಥ ಜಾಗವನ್ನು ನೋಡಬಹುದು. ದಡದ ಹವಳದಲ್ಲೇ ಆಮೆಗಳು ಕಾಣುತ್ತವೆ. ಜನವಸತಿಯ ದ್ವೀಪಗಳಲ್ಲಿ ಮದ್ಯವಿಲ್ಲ, ಈಜುಡುಪಿಗೆ ಗೊತ್ತುಪಡಿಸಿದ ತೀರವೇ ಬೇರೆ, ಶುಕ್ರವಾರ ಸಾರ್ವಜನಿಕ ಫೆರಿ ಸಾಮಾನ್ಯವಾಗಿ ಇರುವುದಿಲ್ಲ. 2010ರಲ್ಲಿ ಶಾರ್ಕ್ ಬೇಟೆಯನ್ನು ನಿಷೇಧಿಸಿದ್ದರಿಂದ ಮರಿ ಶಾರ್ಕ್‌ಗಳು ಮೊಣಕಾಲುದ್ದ ನೀರಿನಲ್ಲೂ ಓಡಾಡುತ್ತವೆ. ಮೀನಿನ ಚೂರು ಎಸೆದು ಶಾರ್ಕ್‌ಗಳನ್ನು ಸೇರಿಸುವ ಪ್ರವಾಸಗಳೂ ಇವೆ. ಅವುಗಳನ್ನು ನಾನು ಶಿಫಾರಸು ಮಾಡಲಾರೆ, ಏಕೆಂದರೆ ಹಾಗೆ ಕಲಿತ ಪ್ರಾಣಿ ಮನುಷ್ಯನನ್ನು ಕಂಡಾಗಲೆಲ್ಲ ತಿನಿಸನ್ನೇ ನಿರೀಕ್ಷಿಸುತ್ತದೆ.

ಯಾರಿಗೆ ಯಾವುದು

ಹಿರಿಯರು, ಚಿಕ್ಕ ಮಕ್ಕಳು ಎಲ್ಲರೂ ಇರುವ ಕುಟುಂಬ, ಏಪ್ರಿಲ್ ರಜೆ, ಮಧ್ಯಮ ಬಜೆಟ್ ಎಂದಾದರೆ ಅಂಡಮಾನ್. ಆದರೆ ಹ್ಯಾವ್ಲಾಕಿನಲ್ಲಿ ದಿನ ಕಡಿಮೆ ಮಾಡಿ ನೀಲ್‌ನಲ್ಲಿ ಹೆಚ್ಚು ಉಳಿಯಬೇಕು. ಇಬ್ಬರೇ ಹೊರಟು, ಕಾಗದಪತ್ರಕ್ಕೆ ತಿಂಗಳೆರಡು ತಿಂಗಳು ಮೊದಲೇ ಕುಳಿತುಕೊಳ್ಳುವ ತಾಳ್ಮೆಯಿದ್ದು, ಸಂಜೆ ಮಾಡಲು ಏನೂ ಇಲ್ಲದಿರುವುದೇ ಸುಖ ಎನ್ನುವವರಿಗೆ ಲಕ್ಷದ್ವೀಪ. ಈಜು ಚೆನ್ನಾಗಿ ಬರುವ, ಒಂದು ನಿರ್ದಿಷ್ಟ ದೊಡ್ಡ ಪ್ರಾಣಿಯನ್ನು ನೋಡಲೆಂದೇ ಹಣ ಕೂಡಿಟ್ಟವರಿಗೆ ಮಾಲ್ಡೀವ್ಸ್. ಸ್ಕೂಬಾ ತಮಗೆ ಒಗ್ಗುತ್ತದೋ ಇಲ್ಲವೋ ಎಂಬ ಅನುಮಾನವಿರುವವರು ಮೊದಲು ನೇತ್ರಾಣಿಯಲ್ಲಿ ಒಂದು ದಿನ ಕಳೆದು, ಕಿವಿ ಮತ್ತು ಮನಸ್ಸು ಎರಡೂ ಒಪ್ಪಿದ ಮೇಲೆ ದೂರದ ಟಿಕೆಟ್ ತೆಗೆಯುವುದು ವಿವೇಕ.

ಎಲ್ಲಿಗೇ ಹೋದರೂ ಕೆಲವು ಮಾತು ಸಮಾನ. ಮುಖವಾಡ ಮುಖಕ್ಕೆ ಸರಿಯಾಗಿ ಕೂರದಿದ್ದರೆ ಉಳಿದೆಲ್ಲ ಖರ್ಚೂ ವ್ಯರ್ಥ. ಆದ್ದರಿಂದ ಅದೊಂದನ್ನು ಸ್ವಂತಕ್ಕೆ ಕೊಂಡುಕೊಳ್ಳುವುದು ಮೇಲು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದಾಗ ಅದು ತಾನಾಗಿ ಅಂಟಿ ನಿಂತರೆ ಅಳತೆ ಸರಿಯಿದೆ ಎಂದರ್ಥ. ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ತುಂಬುತೋಳಿನ ಈಜು ಅಂಗಿ ತೊಟ್ಟರೆ ಬೆನ್ನೂ ಉಳಿಯುತ್ತದೆ, ಹವಳವೂ ಉಳಿಯುತ್ತದೆ. ಹವಳದ ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವುದು ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಮಾಲ್ಡೀವ್ಸ್‌ನಲ್ಲೂ ಅದನ್ನು ಹೊರಗೊಯ್ಯುವಂತಿಲ್ಲ.

ಟಿಕೆಟ್ ತೆಗೆಯುವ ಕ್ರಮವೂ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಲಕ್ಷದ್ವೀಪಕ್ಕೆ ಮೊದಲು ಉಳಿಯುವ ಜಾಗ ಮತ್ತು ಪರವಾನಗಿ, ಆಮೇಲೆ ವಿಮಾನ. ಅಂಡಮಾನಿಗೆ ಮೊದಲು ವಿಮಾನ, ಕೂಡಲೇ ಫೆರಿ. ಕೊನೆಯ ರಾತ್ರಿಯನ್ನು ಶ್ರೀ ವಿಜಯಪುರಂನಲ್ಲೇ ಇಟ್ಟುಕೊಂಡರೆ ಫೆರಿ ರದ್ದಾದರೂ ವಿಮಾನ ತಪ್ಪುವುದಿಲ್ಲ. ಸ್ಕೂಬಾ ಮಾಡಿದ ನಂತರ 18 ರಿಂದ 24 ಗಂಟೆ ವಿಮಾನ ಹತ್ತಬಾರದಾದ್ದರಿಂದ ಮುಳುಗುವ ದಿನವನ್ನು ಪ್ರವಾಸದ ಆರಂಭಕ್ಕೆ ಇಟ್ಟು, ಸುಮ್ಮನೆ ತೀರದಲ್ಲಿ ಕಳೆಯುವ ದಿನಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು.